‘ಕಮ್ಯುನಿಕೇಶನ್ ಉಂಟು’ ಅಂತ ಹೇಳಿ ಕೊಟ್ಟ ಕಂಟ್ರೋಲರ್: ತಗೊಳ್ಳುವ ಮೊದಲು ಓದಿ

ಟೆಂಪರೇಚರ್ ಕಂಟ್ರೋಲರನ್ನು (ಬಿಸಿ ಅಳೆದು ಹದದಲ್ಲಿ ಇಡುವ ಸಾಧನ) ಕಂಪ್ಯೂಟರಿಗೆ ಜೋಡಿಸುವ ಯೋಚನೆ ಇದ್ದವರು ದಯವಿಟ್ಟು ಪೂರ್ತಿ ಓದಿ. ಕಾಸರಗೋಡು, ಮಂಗಳೂರು ಕಡೆ ಗೇರುಬೀಜದ ಫ್ಯಾಕ್ಟರಿ, ಬೇಕರಿ, ಡ್ರೈಯರ್ ಇಟ್ಟುಕೊಂಡವರು ಖಂಡಿತ ಓದಿ. "ಕಮ್ಯುನಿಕೇಶನ್ ಉಂಟು" ಅಂತ ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ. ನಮಗೆ ಹಾಗೆ ಹೇಳಿಯೇ ಟೋಪಿ ಹಾಕಿದ್ದು.

ಮುಳ್ಳೇರಿಯದ ಹತ್ತಿರ ನನ್ನ ಮಾವನದ್ದು ಸಣ್ಣ ಗೇರುಬೀಜದ ಘಟಕ. ಬೀಜ ಒಡೆದ ಮೇಲೆ ಸಿಪ್ಪೆ ಸುಲಭವಾಗಿ ಬಿಡಲಿ ಅಂತ ತಿರುಳನ್ನು ಬೋರ್ಮಾ ಅನ್ನುವ ಬಿಸಿ ಗೂಡಿನಲ್ಲಿ ಒಣಗಿಸುತ್ತಾರೆ. 70 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡಬೇಕು. ಬಿಸಿ ಜಾಸ್ತಿಯಾದರೆ ಬಿಳಿ ತಿರುಳು ಕಂದಿ ಹೋಗುತ್ತದೆ. ಡಬ್ಲ್ಯು 320 ಅನ್ನುವ ಬಿಳಿ ತಿರುಳಿನ ದರ್ಜೆಯಲ್ಲಿ ಮಾರಬೇಕಾದ ಮಾಲು ಸ್ಕಾರ್ಚ್ಡ್, ಅಂದರೆ ಕಂದಿದ್ದು, ಅಂತ ಕಡಿಮೆ ರೇಟಿಗೆ ಹೋಗುತ್ತದೆ. ರಾತ್ರಿ ಕರೆಂಟು ಹೋಗಿ ಬಂದರೆ ಒಳಗೆ ಎಷ್ಟು ಬಿಸಿ ಇತ್ತು ಅಂತ ಬೆಳಿಗ್ಗೆ ಹೇಳುವವರಿಲ್ಲ. "ನಿಮಿಷ ನಿಮಿಷದ ಲೆಕ್ಕ ಕಂಪ್ಯೂಟರಿನಲ್ಲಿ ಬರುವ ಹಾಗೆ ಮಾಡಿಕೊಡು ಮಾರಾಯ" ಅಂದರು ಮಾವ. ಪ್ರೋಗ್ರಾಮ್ ಬರೆಯುವುದೇ ನನ್ನ ಕೆಲಸ. ಒಪ್ಪಿಕೊಂಡೆ.

ಮಂಗಳೂರಿನ ಒಂದು ಅಂಗಡಿಗೆ ವಾಟ್ಸಾಪಿನಲ್ಲಿ ಕೇಳಿದೆ. "ಆರ್‌ಎಸ್-485 ಬೇಕು, ಮೋಡ್‌ಬಸ್ ಬೇಕು. ಈ ಕಂಟ್ರೋಲರಿನಲ್ಲಿ ಉಂಟಾ?" ಆರ್‌ಎಸ್-485 ಅಂದರೆ ಎರಡು ವಯರಿನಲ್ಲಿ ಮಾಹಿತಿ ಕಳಿಸುವ ಜೋಡಣೆ, ಮೋಡ್‌ಬಸ್ ಅಂದರೆ ಆ ವಯರಿನಲ್ಲಿ ಸಾಧನಗಳು ಮಾತಾಡುವ ಭಾಷೆ. ಉತ್ತರ ಬಂತು: "ಉಂಟು ಉಂಟು ಸರ್, ಕಂಪ್ಯೂಟರಿಗೆ ಕೊಡ್ಬಹುದು." ಆ ಮೆಸೇಜು ಈಗಲೂ ನನ್ನ ಫೋನಿನಲ್ಲಿದೆ. ನಾಲ್ಕು ಕಂಟ್ರೋಲರ್ ತಗೊಂಡೆವು. ಹಣ ಪೂರ್ತಿ ಮುಂಗಡ. ಬದಿಯ ಸ್ಟಿಕ್ಕರಿನಲ್ಲಿ ಆ ವಯರು ಸಿಕ್ಕಿಸುವ ಎರಡು ಟರ್ಮಿನಲ್ಲಿಗೆ ಡಿ ಪ್ಲಸ್, ಡಿ ಮೈನಸ್ ಅಂತ ಚಂದ ಮಾಡಿ ಚಿತ್ರವೂ ಇತ್ತು.

ವಯರು ಎಳೆದೆ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್ ಹಾಕಿದೆ. ಪೈಥಾನಿನಲ್ಲಿ ಪ್ರೋಗ್ರಾಮ್ ಬರೆದೆ. ಕೇಳುವ ಪ್ರಶ್ನೆ ಬರೀ ಎಂಟು ಬೈಟು: ಕಂಟ್ರೋಲರಿನ ನಂಬರು (ಅಡ್ರೆಸ್ಸು), ಓದು ಅಂತ ಹೇಳುವ 03, ಯಾವ ರಿಜಿಸ್ಟರಿನಿಂದ (ಕಂಟ್ರೋಲರಿನ ಒಳಗೆ ಅಂಕೆ ಇಡುವ ಖಾನೆ), ಎಷ್ಟು ರಿಜಿಸ್ಟರು, ಕೊನೆಗೆ ತಪ್ಪು ಹಿಡಿಯುವ ಸಿಆರ್‌ಸಿ. ಕಳಿಸಿದರೆ ಕನ್ವರ್ಟರಿನ ಕಳಿಸುವ ದೀಪ ಮಿನುಗುತ್ತದೆ, ಬರುವ ದೀಪ ಸತ್ತ ಹಾಗೆ. ಕನ್ವರ್ಟರಿನ ಎ, ಬಿ ವಯರು ಅದಲು ಬದಲು ಮಾಡಿದೆ. ಒಂದೊಂದು ಕಂಪನಿ ಒಂದೊಂದು ಥರ ಹೆಸರಿಡುತ್ತದೆ, ಹಾಗಾಗಿ ಅದನ್ನು ನೋಡಲೇಬೇಕು. ಮಾಹಿತಿ ಕಳಿಸುವ ವೇಗ 9600, 19200 ಎರಡೂ ನೋಡಿದೆ. ತಪ್ಪು ಹಿಡಿಯುವ ಇನ್ನೊಂದು ಸೆಟ್ಟಿಂಗ್, ಪ್ಯಾರಿಟಿ, ಅದನ್ನೂ ಬದಲಿಸಿದೆ. 1ರಿಂದ 247ರ ವರೆಗೆ ಎಲ್ಲ ಅಡ್ರೆಸ್ಸನ್ನೂ ಕರೆದು ನೋಡಿದೆ. ಏನೂ ಇಲ್ಲ.

ಅಂಗಡಿಗೆ ಫೋನ್ ಮಾಡಿದರೆ: "ನಿಮ್ಮ ಪ್ರೋಗ್ರಾಮ್ ಸರಿ ಇಲ್ಲ ಸರ್." ಮತ್ತೆ ಮಾಡಿದರೆ: "ಕನ್ವರ್ಟರ್ ಲೋಕಲ್ ಇರಬೇಕು, ನಮ್ಮ ಕನ್ವರ್ಟರ್ ತಗೊಳ್ಳಿ." ಇಷ್ಟಕ್ಕೆ ಬಿಟ್ಟಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನನಗೆ ಗೊತ್ತಾಗದ ಹಾಗೆ ಮಾವನಿಗೆ ಫೋನ್ ಮಾಡಿ, "ಭಟ್ರೇ, ನಿಮ್ಮ ಹುಡುಗನಿಗೆ ಇದೆಲ್ಲ ಅಷ್ಟು ಬರುವುದಿಲ್ಲ ಅಂತ ಕಾಣ್ತದೆ. ನಾವು ಜನ ಕಳಿಸ್ತೇವೆ, ಚಾರ್ಜು ಆಗ್ತದೆ" ಅಂದಿದ್ದಾರೆ. ಮಾವ ಏನೂ ಬೈಯಲಿಲ್ಲ. "ಕಳಿಸಲಿ ಅಂತೀಯಾ?" ಅಂತ ಮಾತ್ರ ಕೇಳಿದರು. ಕೆಲಸದವರೆಲ್ಲ ಅಲ್ಲೇ ನಿಂತಿದ್ದರು. ನನಗೆ ತಲೆ ಎತ್ತಲಿಕ್ಕಾಗಲಿಲ್ಲ.

ಅದೇ ಲ್ಯಾಪ್‌ಟಾಪು, ಅದೇ ಕನ್ವರ್ಟರು, ಅದೇ ವಯರು ತಗೊಂಡು ಕುಂಬಳೆಗೆ ಹೋದೆ. ಅಲ್ಲಿ ಗೆಳೆಯನ ಬೇಕರಿಯ ಓವನ್ನಿಗೆ ಬೇರೆ ಕಂಪನಿಯ ಹಳೇ ಕಂಟ್ರೋಲರ್ ಇದೆ, ಮೋಡ್‌ಬಸ್ ಇರುವಂಥದ್ದು. ಅದರ ಪುಸ್ತಕ ನೋಡಿ ರಿಜಿಸ್ಟರ್ ನಂಬರು ಹಾಕಿದೆ, ಅಷ್ಟೇ. ಕೂಡಲೇ ಏಳು ಬೈಟು ವಾಪಸು ಬಂತು. ಅದರಲ್ಲಿ ಬೇಕಾದ ಎರಡು ಬೈಟು 07 08. ಏಳನ್ನು 256ರಿಂದ ಗುಣಿಸಿ ಎಂಟು ಕೂಡಿಸಿದರೆ 1800. ಆ ಕಂಟ್ರೋಲರ್ ಚುಕ್ಕಿ ಇಲ್ಲದೆ ಕಳಿಸುತ್ತದೆ, ಕೊನೆಯ ಅಂಕೆ ದಶಾಂಶದ್ದು, ಅಂದರೆ 180.0 ಡಿಗ್ರಿ. ತಲೆ ಎತ್ತಿ ನೋಡಿದರೆ ಓವನ್ನಿನ ಕೆಂಪು ಅಂಕೆಯೂ 180. ನನ್ನ ಪ್ರೋಗ್ರಾಮ್ ಸರಿ ಇತ್ತು. ಮೊದಲಿನಿಂದಲೂ ಸರಿ ಇತ್ತು.

ವಾಪಸು ಬಂದು ಹೊಸ ಕಂಟ್ರೋಲರಿನ ಕ್ಲಿಪ್ ಒತ್ತಿ ಬೋರ್ಡು ಹೊರಗೆ ಎಳೆದೆ. ಸೀಲು ಗೀಲು ಏನೂ ಇರಲಿಲ್ಲ. ಡಿ ಪ್ಲಸ್, ಡಿ ಮೈನಸ್ ಟರ್ಮಿನಲ್ಲಿನಿಂದ ಬಂದ ಎರಡು ತಾಮ್ರದ ಗೆರೆ ಒಂದು ಚೌಕದ ಹತ್ತಿರ ನಿಲ್ಲುತ್ತದೆ. ಆ ಚೌಕದಲ್ಲಿ ಎಂಟು ಬೆಸುಗೆ ಚುಕ್ಕಿ. ಮೇಲೆ ಚಿಪ್ಪೇ ಇಲ್ಲ! ಮಾತಾಡುವ ಚಿಪ್ಪು ಇಲ್ಲದೆ ಅದು ಯಾರ ಹತ್ತಿರ ಮಾತಾಡಬೇಕು? ನಾಲ್ಕನ್ನೂ ಎಳೆದು ನೋಡಿದೆ. ನಾಲ್ಕರಲ್ಲೂ ಖಾಲಿ.

ಫೋಟೋ ಕಳಿಸಿದೆ. ಬಂದ ಉತ್ತರ ಇದು: "ಉಂಟು ಅಂತ ಹೇಳಿದ್ದು ಆ ಸೀರೀಸಿನಲ್ಲಿ ಉಂಟು ಅಂತ ಸರ್. ನಿಮಗೆ ಕೊಟ್ಟ ಪೀಸಿನಲ್ಲಿ ಉಂಟು ಅಂತ ಹೇಳ್ಲಿಲ್ಲ ಅಲ್ವಾ? ಕಮ್ಯುನಿಕೇಶನ್ ಇರುವ ಮಾಡೆಲ್ ಬೇರೆ, ರೇಟು ಬೇರೆ." ಉಂಟಾ ಅಂತ ಕೇಳಿದವನಿಗೆ ಉಂಟು ಅಂತ ಹೇಳಿ, ಹಣ ತಗೊಂಡು, ಇಲ್ಲದ್ದನ್ನು ಕೊಟ್ಟು, ಮೇಲಿಂದ ಈ ಮಾತು. ಹಾಗಾದರೆ ಬದಲಿಸಿ ಕೊಡಿ ಅಂದೆ. "ನೀವು ಬಿಚ್ಚಿದ್ದೀರಿ, ವಾರಂಟಿ ಹೋಯಿತು." ಬಿಚ್ಚದಿದ್ದರೆ ಚಿಪ್ಪು ಇಲ್ಲ ಅಂತ ಗೊತ್ತಾಗುವುದು ಹೇಗೆ?

ಇರುವ ಮಾಡೆಲನ್ನೇ ಜಾಸ್ತಿ ಹಣ ಕೊಟ್ಟು ತಗೊಳ್ಳುವ ಅಂತ ಮಾವ ಅಂದರು. ಸರಿ, ಮೊದಲು ಅದರ ರಿಜಿಸ್ಟರ್ ಪಟ್ಟಿ ಕೊಡಿ ಅಂದೆ. ಬಿಸಿ ಯಾವ ರಿಜಿಸ್ಟರಿನಲ್ಲಿ, ಸೆಟ್ ಪಾಯಿಂಟ್ (ಎಷ್ಟು ಬಿಸಿ ಬೇಕು ಅಂತ ನಾವು ಇಡುವ ಅಂಕೆ) ಯಾವುದರಲ್ಲಿ ಅಂತ ಗೊತ್ತಿಲ್ಲದೆ ಪ್ರೋಗ್ರಾಮ್ ಬರೆಯುವುದು ಹೇಗೆ? "ಅದು ಕಂಪನಿ ಸೀಕ್ರೆಟ್ ಸರ್. ನಮ್ಮ ಸಾಫ್ಟ್‌ವೇರ್ ತಗೊಳ್ಳಿ." ಮೋಡ್‌ಬಸ್ 1979ರಿಂದ ಇದೆ. ಅದರ ನಿಯಮ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಸರಿಯಾದ ಕಂಪನಿಗಳು ರಿಜಿಸ್ಟರ್ ಪಟ್ಟಿಯನ್ನು ಪುಸ್ತಕದಲ್ಲೇ ಅಚ್ಚು ಹಾಕಿ ಕೊಡುತ್ತವೆ. ಇದರಲ್ಲಿ ಎಂತ ಸೀಕ್ರೆಟ್? ಆಗಲೇ ಬೇಡ ಅಂದುಬಿಟ್ಟೆವು.

ತಗೊಳ್ಳುವವರು ಬಿಲ್ಲಿನಲ್ಲಿ ಮಾಡೆಲ್ ನಂಬರು ಕೊನೆಯ ಅಕ್ಷರದ ವರೆಗೂ ಬರೆಸಿ, ಕಮ್ಯುನಿಕೇಶನ್ ಇದೆಯೋ ಇಲ್ಲವೋ ಅಂತ ಗೊತ್ತಾಗುವುದು ಹೆಚ್ಚಾಗಿ ಆ ಬಾಲದಲ್ಲೇ. ನಮ್ಮ ಬಿಲ್ಲಿನಲ್ಲಿ ಸುಮ್ನೆ ‘ಟೆಂಪರೇಚರ್ ಕಂಟ್ರೋಲರ್, 4’ ಅಂತ ಇದೆ. ರಿಜಿಸ್ಟರ್ ಪಟ್ಟಿ ಕೈಗೆ ಬರದೆ ಒಂದು ಪೈಸೆ ಕೊಡಬೇಡಿ. ಪಟ್ಟಿ ಇಲ್ಲದೆ ಅಂದಾಜಿಗೆ ರಿಜಿಸ್ಟರಿಗೆ ಬರೆಯಲಿಕ್ಕಂತೂ ಹೋಗಲೇಬೇಡಿ, ಅಲಾರಂ ಮಿತಿಯೋ ಸೆನ್ಸರ್ ಬಗೆಯೋ ಬದಲಾದರೆ ಮಾಲು ಸುಟ್ಟೇ ಹೋದೀತು. ಸಾಧ್ಯವಾದರೆ ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಹಾಕಿ ಓದಿಸಿ ತೋರಿಸಲು ಹೇಳಿ. ತೋರಿಸುವುದಿಲ್ಲ ಅಂದರೆ ಎದ್ದು ಬನ್ನಿ.

ನಮ್ಮ ಹಣ ಇನ್ನೂ ಬಂದಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಮಾವನಿಂದಲೇ ಫೋನ್ ಮಾಡಿಸುತ್ತೇನೆ. ಆ ವಾಟ್ಸಾಪ್ ಮೆಸೇಜು, ಖಾಲಿ ಬೋರ್ಡಿನ ಫೋಟೋ ಎರಡನ್ನೂ ತೆಗೆದಿಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಈಚೆಗೆ ಇಂಥ ಕಂಟ್ರೋಲರ್ ತಗೊಂಡು ಪ್ರೋಗ್ರಾಮ್ ಸರಿ ಇಲ್ಲ ಅಂತ ಒದ್ದಾಡುತ್ತಿದ್ದರೆ, ಪವರ್ ತೆಗೆದು, ಮೊದಲು ಆ ಎಂಟು ಚುಕ್ಕಿಯ ಮೇಲೆ ಚಿಪ್ಪು ಇದೆಯಾ ನೋಡಿ.