ಡಯಲರ್ ಒಳ್ಳೆಯದೇ, ಆ ಎರಡು ಸೆಕೆಂಡ್ ಬಿಟ್ಟರೆ

ಆರೋಗ್ಯ ವಿಮೆ ಮಾರುವ ಸಣ್ಣ ಏಜೆನ್ಸಿ ನಮ್ಮದು. ಫೋನ್ ಮಾಡುವವರು ಬೆರಳೆಣಿಕೆಯಷ್ಟು ಜನ, ಅದರಲ್ಲಿ ನಾನೂ ಒಬ್ಬಳು. ಪಟ್ಟಿಯಲ್ಲಿರುವ ನಂಬರ್‌ಗಳಿಗೆ ಇಂಟರ್‌ನೆಟ್ ಮೂಲಕ ಕರೆ ಹಾಕಿಕೊಡುವ ಸಾಫ್ಟ್‌ವೇರ್, ಅಂದರೆ ಈ ಕ್ಲೌಡ್ ಡಯಲರ್ ತೆಗೆದುಕೊಂಡು ಸಾಕಷ್ಟು ಕಾಲವಾಯಿತು, ಲೈಸೆನ್ಸ್ ಒಂದಕ್ಕಿಂತ ಹೆಚ್ಚು ಸಲ ರಿನ್ಯೂ ಆಗಿದೆ. ಫೀಚರ್ ಪಟ್ಟಿ ಕಂಪನಿಯವರ ಪುಟದಲ್ಲೇ ಇರುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯಲ್ಲ. ಕಂಪನಿಯ ಹೆಸರನ್ನೂ ಬರೆಯಲ್ಲ. ನಾನು ದೂರುತ್ತಿರುವ ವಿಷಯ ಈ ಜಾತಿಯ ಬಹುತೇಕ ಡಯಲರ್‌ಗಳಲ್ಲಿ ಇರುವಂಥದ್ದೇ.

ದೂರು ಒಂದೇ. ಆ ಕಡೆಯವರು ಫೋನ್ ಎತ್ತಿ ‘ಹಲೋ’ ಅಂದ ಮೇಲೆ ನಮ್ಮ ದನಿ ಅವರಿಗೆ ಕೇಳುವವರೆಗೆ ಒಂದು ಗ್ಯಾಪ್ ಬರುತ್ತದೆ. ಎರಡು ಸೆಕೆಂಡ್ ಇರಬಹುದು. ಓದುವಾಗ ಏನೂ ಅನಿಸಲ್ಲ, ಅಲ್ವಾ? ನೀವೇ ಒಮ್ಮೆ ಹಲೋ ಅಂದು ಅಷ್ಟು ಹೊತ್ತು ಕಾದು ನೋಡಿ. ಬಾಗಿಲು ತಟ್ಟಿ, ತೆಗೆದ ಮೇಲೆ ಮಾತಾಡದೆ ಸುಮ್ನೆ ನಿಂತವರ ಹಾಗಿರುತ್ತದೆ. ಇದು ಮಾರಾಟದ ಕರೆ ಅಂತ ಜನಕ್ಕೆ ಅಲ್ಲೇ ಗೊತ್ತಾಗಿಬಿಡುತ್ತದೆ. ನನ್ನ ಹೆಡ್‌ಸೆಟ್‌ನಲ್ಲಿ ಬೀಪ್ ಬಂದು, ಸ್ಕ್ರೀನ್ ಮೇಲೆ ಹೆಸರು ಮೂಡುವಷ್ಟರಲ್ಲಿ ಅವರು ಎರಡನೇ ಹಲೋಗೆ ಬಂದಿರುತ್ತಾರೆ. ಆ ಹಲೋದಲ್ಲಿ ಆಗಲೇ ಸಿಟ್ಟಿರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅರ್ಧ ಸೋತಿರುತ್ತೇನೆ.

ಸಪೋರ್ಟ್‌ನವರು ಇದನ್ನು ನೆಟ್‌ವರ್ಕ್ ತೊಂದರೆ ಅಂತ ಸಾಗಹಾಕುತ್ತಾ ಬಂದರು. ಹೆಡ್‌ಸೆಟ್ ಬದಲಿಸಿ ಅಂದರು, ಇಂಟರ್‌ನೆಟ್ ಸ್ಪೀಡ್ ನೋಡಿ ಅಂದರು. ಅದೆಲ್ಲ ಆಯಿತು. ಕೊನೆಗೆ ಅಲ್ಲಿನ ಒಬ್ಬ ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಮೇಡಂ, ಅದು ಎಎಂಡಿ. ನೀವು ಪ್ರಿಡಿಕ್ಟಿವ್ ಮೋಡ್‌ನಲ್ಲಿ ಇದ್ದೀರಲ್ಲ, ಅದಕ್ಕೆ.”

ಎಎಂಡಿ ಅಂದರೆ ಆನ್ಸರಿಂಗ್ ಮೆಷಿನ್ ಡಿಟೆಕ್ಷನ್. ಫೋನ್ ಎತ್ತಿದ್ದು ಮನುಷ್ಯರಾ, ವಾಯ್ಸ್‌ಮೇಲಾ ಅಂತ ಸಾಫ್ಟ್‌ವೇರ್ ಕಿವಿಗೊಟ್ಟು ಕೇಳುತ್ತದೆ. ಮನುಷ್ಯರು ಚುಟುಕಾಗಿ ಹಲೋ ಅಂದು ನಿಲ್ಲಿಸುತ್ತಾರೆ. ವಾಯ್ಸ್‌ಮೇಲ್ ನಿಲ್ಲಿಸದೆ ಮಾತಾಡುತ್ತಾ ಹೋಗುತ್ತದೆ. ಹಾಗಾಗಿ ಹಲೋ ಆದ ಮೇಲೆ ಸ್ವಲ್ಪ ಹೊತ್ತು ಮೌನ ಇದೆಯಾ ಅಂತ ನೋಡದೆ ಸಾಫ್ಟ್‌ವೇರ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮೇಲೆ ಖಾಲಿ ಇರುವ ಏಜೆಂಟ್‌ಗೆ ಲೈನ್ ಕೊಡಬೇಕು, ಅದಕ್ಕೂ ಚೂರು ಸಮಯ. ಅಂದರೆ ಆ ಗ್ಯಾಪ್ ಗೊತ್ತಿದ್ದೇ ಇಟ್ಟದ್ದು. ಇಷ್ಟು ಹೇಳಲು ತಿಂಗಳುಗಟ್ಟಲೆ ಯಾಕೆ ಬೇಕಾಯಿತೋ, ನನಗಂತೂ ಇನ್ನೂ ಕೋಪ ಇಳಿದಿಲ್ಲ.

ಪ್ರಿಡಿಕ್ಟಿವ್ ಮೋಡ್ ಇನ್ನೊಂದು ಕೆಲಸ ಮಾಡುತ್ತದೆ. ಇರುವ ಏಜೆಂಟ್‌ಗಳಿಗಿಂತ ಜಾಸ್ತಿ ನಂಬರ್‌ಗಳಿಗೆ ಒಟ್ಟಿಗೆ ಡಯಲ್ ಮಾಡುತ್ತದೆ. ಹೇಗೂ ಎಲ್ಲರೂ ಎತ್ತುವುದಿಲ್ಲ, ಎತ್ತಿದವರಿಗೆ ಅಷ್ಟು ಹೊತ್ತಿಗೆ ಯಾರಾದರೂ ಖಾಲಿ ಆಗಿರುತ್ತಾರೆ ಅನ್ನುವ ಲೆಕ್ಕ. ಯಾರೂ ಖಾಲಿ ಇಲ್ಲದಿದ್ದರೆ ಎತ್ತಿದವರಿಗೆ ಬರೀ ಮೌನ, ಇಲ್ಲವೇ ಕರೆ ಕಟ್. ಕರೆಗಳ ದಟ್ಟಣೆಯ ಲೆಕ್ಕ ಇವತ್ತಿನದೇನಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೇ ಇದರ ಬಗ್ಗೆ ಬರೆದಿದ್ದರು. ಆ ಗಣಿತ ಹೇಳುವುದು ಇಷ್ಟು: ಗುಂಪು ದೊಡ್ಡದಾದಷ್ಟೂ ಅಂದಾಜು ಸರಿ ಬರುತ್ತದೆ. ನೂರು ಜನ ಕೂತಿದ್ದರೆ ಮುಂದಿನ ಕೆಲವು ಸೆಕೆಂಡ್‌ಗಳಲ್ಲಿ ಒಬ್ಬರಾದರೂ ಕರೆ ಮುಗಿಸುವುದು ಹೆಚ್ಚುಕಮ್ಮಿ ಖಚಿತ. ನಾಲ್ಕೈದು ಜನರಿದ್ದಾಗ ಅದು ಬರೀ ಜೂಜು. ನಮ್ಮಂಥ ಸಣ್ಣ ಟೀಮ್‌ಗೆ ಪ್ರಿಡಿಕ್ಟಿವ್ ಲೈಸೆನ್ಸ್ ಮಾರಿದವರಿಗೆ ಇದು ಗೊತ್ತಿಲ್ಲದೆ ಇರುತ್ತದಾ?

ಕಾನೂನು ಮಾಡುವವರಿಗೂ ಈ ಮೌನದ ಕಾಟ ಗೊತ್ತು. ಅಮೆರಿಕದಲ್ಲಿ ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಎಫ್‌ಟಿಸಿ ಸಂಸ್ಥೆಯ ನಿಯಮದ ಪ್ರಕಾರ ಜನ ಹಲೋ ಹೇಳಿ ಮುಗಿಸಿದ ಎರಡು ಸೆಕೆಂಡ್ ಒಳಗೆ ಏಜೆಂಟ್ ಸಿಗಬೇಕು, ಸಿಗದಿದ್ದರೆ ಅದು ಕೈಬಿಟ್ಟ ಕರೆ. ಒಂದು ಕ್ಯಾಂಪೇನ್‌ನಲ್ಲಿ ಅಂಥವು 30 ದಿನದ ಲೆಕ್ಕದಲ್ಲಿ, ಎತ್ತಿದ ಕರೆಗಳ ಶೇ. 3 ದಾಟುವಂತಿಲ್ಲ. ಯಾರೂ ಎತ್ತದಿದ್ದರೂ ಕಡೇಪಕ್ಷ 15 ಸೆಕೆಂಡ್ ಅಥವಾ ನಾಲ್ಕು ರಿಂಗ್ ಬಿಡಬೇಕು. ನಮ್ಮ ಡಯಲರ್‌ನಲ್ಲಿ ಈ ರಿಂಗ್ ಟೈಮ್ ಸೆಟ್ಟಿಂಗ್ ಇದೆ. ತುಂಬಾ ಕಮ್ಮಿ ಇಟ್ಟಿದ್ದರೆ ಒಂದ್ಸಲ ನೋಡಿಕೊಳ್ಳಿ. ಜನ ಫೋನ್ ಹುಡುಕಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಕಟ್ ಆಗಿ, ವರದಿಯಲ್ಲಿ ಅದು ಆರ್‌ಎನ್‌ಆರ್ (ರಿಂಗ್ ಆಯಿತು, ಯಾರೂ ಎತ್ತಲಿಲ್ಲ) ಅಂತ ಕೂತಿರುತ್ತದೆ.

ಆ ಹುಡುಗ ಹೇಳಿದ ಮೇಲೆ ಎಲ್ಲರೂ ಪ್ರಿವ್ಯೂ ಮೋಡ್‌ಗೆ ಬಂದೆವು. ಇದರಲ್ಲಿ ಮೊದಲು ಲೀಡ್‌ನ, ಅಂದರೆ ಪಾಲಿಸಿ ಕೊಳ್ಳಬಹುದಾದವರ, ವಿವರ ಸ್ಕ್ರೀನ್ ಮೇಲೆ ಬರುತ್ತದೆ, ಓದಿ ನಾವೇ ಡಯಲ್ ಒತ್ತಬೇಕು. ರಿಂಗ್ ನಮ್ಮ ಕಿವಿಗೇ ಕೇಳುತ್ತದೆ, ಅವರು ಹಲೋ ಅಂದ ತಕ್ಷಣ ಮಾತಾಡಬಹುದು. ದಿನದ ಕರೆಗಳ ಸಂಖ್ಯೆ ದಢಕ್ಕನೆ ಇಳಿಯಿತು. ಟೀಮ್ ಲೀಡರ್ ಡ್ಯಾಶ್‌ಬೋರ್ಡ್ ನೋಡಿ ಮುಖ ಸಪ್ಪೆ ಮಾಡಿಕೊಂಡರು. ಆದರೆ ಟಾಕ್ ಟೈಮ್ ಏರಿತು, ಕಾಲ್‌ಬ್ಯಾಕ್ ಕೇಳುವವರು ಜಾಸ್ತಿಯಾದರು. ಪಾಲಿಸಿಗಳೂ ಹಿಂದಿಗಿಂತ ಹೆಚ್ಚು ಹೋಗತೊಡಗಿದವು. ಅದೇ ಲೀಡ್, ಅದೇ ಪ್ಲಾನ್, ಅದೇ ನಾವು.

ಈ ಡಯಲರ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಮೇಲೆ. ಬೆಳಿಗ್ಗೆ ಲಾಗಿನ್ ಆದ ಕೂಡಲೇ ನಾನು ಹೊಸ ಲೀಡ್ ಮುಟ್ಟುವುದಿಲ್ಲ. ಮೊದಲು ಕಾಲ್‌ಬ್ಯಾಕ್ ಟ್ಯಾಬ್ ತೆರೆಯುತ್ತೇನೆ. ಅವತ್ತು ಮಾತಾಡಬೇಕಾದವರು ಗಂಟೆಯ ಪ್ರಕಾರ ಸಾಲಾಗಿ ಇರುತ್ತಾರೆ, ಪಕ್ಕದಲ್ಲಿ ನಾನೇ ಬರೆದ ನೋಟ್. ‘ತಾಯಿಗೂ ಸೇರಿಸಬೇಕಂತೆ, ಅಣ್ಣನ್ನ ಕೇಳಿ ಹೇಳ್ತಾರೆ.’ ‘ಮಗಳ ಪರೀಕ್ಷೆ ಮುಗಿಯೋವರೆಗೂ ಬೇಡ.’ ‘ಹಿಂದೆ ಕ್ಲೇಮ್ ರಿಜೆಕ್ಟ್ ಆಗಿದೆ, ಮೊದಲು ಅದನ್ನ ಕೇಳಿಸಿಕೋ.’ ಹೆಡ್‌ಸೆಟ್ ಹಾಕುವ ಮೊದಲು ಇವನ್ನೆಲ್ಲ ಒಮ್ಮೆ ನಿಧಾನಕ್ಕೆ ಓದುತ್ತೇನೆ. ಪರೀಕ್ಷೆ ಹೇಗಾಯಿತು ಅಂತ ಕೇಳಿ ಶುರುಮಾಡಿದ ಕರೆಯನ್ನು ಯಾರೂ ಅಷ್ಟು ಸುಲಭಕ್ಕೆ ಕಟ್ ಮಾಡುವುದಿಲ್ಲ. ಹೇಳಿದ ಗಂಟೆಗೆ ಸರಿಯಾಗಿ ಮಾಡಿದರೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ. ವಿಮೆಯಲ್ಲಿ ಜನ ಕೊಳ್ಳುವುದು ಮಾತನ್ನೇ ತಾನೇ.

ನೋಟ್ ಬಾಕ್ಸ್‌ನಲ್ಲಿ ಒಂದು ಕಿರಿಕಿರಿ ಇದೆ. ಅದರ ಮಿತಿ ಬೈಟ್ ಲೆಕ್ಕದಲ್ಲಿದೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ 3 ಬೇಕು. ‘ಕಿ’ ಅಂತ ಬರೆದರೆ ಕಕಾರಕ್ಕೆ ಮೂರು, ಗುಡಿಸಿಗೆ ಮೂರು, ಒಟ್ಟು 6. ಇಂಗ್ಲಿಷ್‌ನಲ್ಲಿ ಆರಾಮಾಗಿ ಹಿಡಿಸುವ ವಿಷಯ ಕನ್ನಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಉಳಿಸುವಾಗ ಎಚ್ಚರಿಕೆಯೂ ಬರಲ್ಲ, ಬಾಲ ಕತ್ತರಿಸಿ ಉಳಿಸಿಕೊಳ್ಳುತ್ತದೆ. ಈಗ ತಂತಿ ಸಂದೇಶದಂತೆ ಬರೆಯುವುದು ರೂಢಿಯಾಗಿದೆ.

ಇನ್ನು ನಾವೇ ಸೇರಿಸಿಕೊಳ್ಳಬಹುದಾದ ಕಾಲಂಗಳು. ನಾನು ಎರಡು ಸೇರಿಸಿದೆ. ಒಂದು, ಈಗಿರುವ ಪಾಲಿಸಿಯ ರಿನ್ಯೂವಲ್ ದಿನ. ಇನ್ನೊಂದು, ಅದು ಸ್ವಂತದ್ದಾ, ಕೆಲಸದ ಕಡೆಯಿಂದ ಬಂದ ಗ್ರೂಪ್ ಪಾಲಿಸಿಯಾ ಅನ್ನುವುದು. ‘ನಮಗೆ ಆಗಲೇ ಇನ್ಶೂರೆನ್ಸ್ ಇದೆ’ ಅನ್ನುವವರನ್ನು ಹೆಚ್ಚಿನವರು ಎನ್‌ಐ (ನಾಟ್ ಇಂಟರೆಸ್ಟೆಡ್) ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: “ಒಳ್ಳೇದಾಯ್ತು ಸರ್. ಅದು ನೀವೇ ತಗೊಂಡಿದ್ದಾ, ಆಫೀಸಿಂದ ಕೊಟ್ಟಿದ್ದಾ?” ಆಫೀಸಿನದಾದರೆ ಕೆಲಸ ಬಿಟ್ಟಾಗ ಸಾಮಾನ್ಯವಾಗಿ ಅದೂ ಹೋಗುತ್ತದೆ. ಹೊಸದು ತೆಗೆದುಕೊಳ್ಳುವ ಹೊತ್ತಿಗೆ ವಯಸ್ಸಾಗಿರುತ್ತದೆ, ಬಿಪಿ, ಶುಗರ್ ಬಂದಿರಬಹುದು, ಪ್ರೀಮಿಯಂ ಏರಿರುತ್ತದೆ. ಮೊದಲಿಂದ ಇರುವ ಕಾಯಿಲೆಗೆ ವೇಟಿಂಗ್ ಪೀರಿಯಡ್ ಇರುವ ಕಡೆ ಅದನ್ನೂ ಕಾಯಬೇಕು. ಹೆದರಿಸುವ ದನಿಯಲ್ಲಿ ಹೇಳಬೇಕಾಗಿಲ್ಲ. ಸುಮ್ನೆ ಹೇಳಿ, ಅವರು ಯೋಚಿಸಲು ಬಿಟ್ಟರೆ ಸಾಕು. ಸ್ವಂತದ್ದೇ ಆದರೆ ರಿನ್ಯೂವಲ್ ಯಾವಾಗ ಅಂತ ಕೇಳಿ ಕಾಲಂ ತುಂಬುತ್ತೇನೆ. ಆ ದಿನಕ್ಕೆ ಒಂದೆರಡು ತಿಂಗಳು ಮುಂಚೆ ಲೀಡ್ ತಾನಾಗಿಯೇ ಪಟ್ಟಿಯ ಮೇಲಕ್ಕೆ ಬರುತ್ತದೆ. ಪ್ರೀಮಿಯಂ ಏರಿದ ನೋಟಿಸ್ ಬರುವ ಕಾಲಕ್ಕೆ ನಮ್ಮ ಕರೆಯೂ ಹೋದರೆ ಅದರ ತೂಕವೇ ಬೇರೆ.

ರೆಕಾರ್ಡಿಂಗ್ ಚೆನ್ನಾಗಿದೆ, ಹುಡುಕುವುದೂ ಸುಲಭ. ನಾನು ಕೇಳುವುದು ಪಾಲಿಸಿ ತೆಗೆದುಕೊಂಡು, ಇಷ್ಟವಾಗದಿದ್ದರೆ ಹಿಂತಿರುಗಿಸಲು ಶುರುವಿನಲ್ಲಿ ಕೊಡುವ ಫ್ರೀ ಲುಕ್ ಅವಧಿಯಲ್ಲೇ ವಾಪಸ್ ಮಾಡಿದವರ ಕರೆಗಳನ್ನು. ಬಹಳಷ್ಟು ಸಲ ಕೋ-ಪೇ (ಬಿಲ್ಲಿನಲ್ಲಿ ಗ್ರಾಹಕರೇ ಕೊಡಬೇಕಾದ ಪಾಲು) ಅಥವಾ ರೂಮ್ ಬಾಡಿಗೆಯ ಮಿತಿಯನ್ನು ಏಜೆಂಟ್ ಓಡಿಸಿಬಿಟ್ಟಿರುತ್ತಾರೆ. ‘ಮಾತ್ರೆ ಏನಾದ್ರೂ ತಗೋತೀರಾ’ ಅಂತ ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಅಲ್ಲಿ ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಎದ್ದು ಬರುತ್ತದೆ. ಹೊಸಬರಿಗೆ ತರಬೇತಿ ಕೊಡಲು ಇದಕ್ಕಿಂತ ಒಳ್ಳೆಯ ಸರಕು ನನಗೆ ಸಿಕ್ಕಿಲ್ಲ.

ನಂಬರ್ ಬದಲಿಸುತ್ತಾ ಕರೆ ಮಾಡುವ ಫೀಚರ್ ಅನ್ನು ಮಾತ್ರ ಆಫ್ ಮಾಡಿಸಿದ್ದೇನೆ. ಒಂದು ನಂಬರ್‌ಗೆ ಸ್ಪ್ಯಾಮ್ ಅಂತ ಕೆಂಪು ಬಿದ್ದರೆ ಇನ್ನೊಂದರಿಂದ ಹೋಗುತ್ತದೆ. ಆದರೆ ನಿನ್ನೆ ಮಾತಾಡಿದವರು ಇವತ್ತು ನನ್ನ ನಂಬರ್ ಗುರುತಿಸಬೇಕಲ್ಲ? ಮುಖ ಮುಚ್ಚಿಕೊಂಡು ಹೋಗಿ ವಿಮೆ ಮಾರಲು ಆಗಲ್ಲ. ಅದೂ ಅಲ್ಲದೆ ಭಾರತದಲ್ಲಿ ಮಾರಾಟದ ಕರೆಗೆ 140ರಿಂದ ಶುರುವಾಗುವ ನಂಬರ್‌ಗಳನ್ನೇ ಬಳಸಬೇಕು, ನಂಬರ್ ಬದಲಿಸಿದರೂ ಮಾರಾಟದ ಕರೆ ಅಂತ ಗೊತ್ತಾಗಿಬಿಡುತ್ತದೆ. ‘ಕರೆ ಬೇಡ’ ಪಟ್ಟಿಯಲ್ಲಿರುವ ನಂಬರ್‌ಗಳನ್ನು ಅಪ್‌ಲೋಡ್ ಮಾಡುವಾಗಲೇ ತೆಗೆದುಹಾಕುವ ಸೌಲಭ್ಯ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಥವರಿಗೆ ಕರೆ ಮಾಡಿದರೆ ದಂಡದ ಭಯ ಒಂದು ಕಡೆ, ಅವರು ಕೊಳ್ಳುವುದೂ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಲ್‌ಬ್ಯಾಕ್ ಟ್ಯಾಬ್ ಇಲ್ಲದಿದ್ದರೆ ಎರಡು. ನೂರಾರು ಸೀಟಿನ ಕಾಲ್ ಸೆಂಟರ್‌ನವರಿಗೆ ನನ್ನ ಲೆಕ್ಕ ಹೊಂದದೆ ಇರಬಹುದು, ಆದರೂ ಎಎಂಡಿ ಆಫ್ ಮಾಡಿ ನೋಡಿ ಅಂತ ಅವರಿಗೂ ಹೇಳುತ್ತೇನೆ. ವಾಯ್ಸ್‌ಮೇಲ್‌ಗಳು ಒಂದಷ್ಟು ಏಜೆಂಟ್ ಕಿವಿಗೆ ಬೀಳುತ್ತವೆ, ಬೀಳಲಿ. ಸಣ್ಣ ಏಜೆನ್ಸಿಯವರು ಡೆಮೊ ನೋಡುವಾಗ ಅವರ ಸ್ಕ್ರೀನ್ ನೋಡುತ್ತಾ ಕೂರಬೇಡಿ. ನಿಮ್ಮ ಮೊಬೈಲ್‌ಗೇ ಪ್ರಿಡಿಕ್ಟಿವ್ ಮೋಡ್‌ನಲ್ಲಿ ಒಂದು ಕರೆ ಹಾಕಿಸಿಕೊಳ್ಳಿ. ಈ ಸಲದ ರಿನ್ಯೂವಲ್‌ನಲ್ಲಿ ನಾವು ಪ್ರಿಡಿಕ್ಟಿವ್ ಬಿಟ್ಟು ಪ್ರಿವ್ಯೂ ಇರುವ ಕೆಳಗಿನ ಪ್ಲಾನ್‌ಗೆ ಇಳಿದೆವು. ಉಳಿದ ದುಡ್ಡು ಒಳ್ಳೆಯ ಲೀಡ್‌ಗಳಿಗೆ ಹೋಗುತ್ತಿದೆ. ನೋಟ್ ಬಾಕ್ಸ್ ಬಗ್ಗೆ ಹಾಕಿದ ಟಿಕೆಟ್ ಮಾತ್ರ ಇನ್ನೂ ‘ಪರಿಶೀಲನೆಯಲ್ಲಿದೆ’.