ಬಡವರ ನೆರವಿಗೂ ಆಡಿಟ್ ಆಕ್ಷೇಪಣೆ: ಒಂದು ಉಚಿತ ತೀರ್ಪು ಭಂಡಾರದ ವಿಮರ್ಶೆ
ಸ್ಥಳೀಯ ಸಂಸ್ಥೆಗಳ ಲೆಕ್ಕ ತನಿಖೆ ಮಾಡಿಯೇ ನಿವೃತ್ತನಾದವನು ನಾನು. ‘ಈ ವೆಚ್ಚಕ್ಕೆ ಅಧಿಕಾರ ಎಲ್ಲಿದೆ?’ ಎಂದು ಕೇಳುವ ಚಾಳಿ ಇನ್ನೂ ಬಿಟ್ಟಿಲ್ಲ. ಕಷ್ಟದಲ್ಲಿದ್ದವರಿಗೆ ಊರಾಡಳಿತ ಕೊಡಹೊರಟ ಹಣದ ಬಗ್ಗೆ ಅಮೆರಿಕದ ನ್ಯಾಯಾಲಯಗಳಲ್ಲಿ ಎದ್ದದ್ದೂ ಇದೇ ಪ್ರಶ್ನೆ. ಆ ಹಳೆಯ ತೀರ್ಪುಗಳನ್ನು ಓದಲು ಹಾರ್ವರ್ಡ್ ಕಾನೂನು ಗ್ರಂಥಾಲಯದ ‘ಕೇಸ್‌ಲಾ ಆಕ್ಸೆಸ್ ಪ್ರಾಜೆಕ್ಟ್’ಗಿಂತ ಅನುಕೂಲದ ಜಾಗವನ್ನು ನಾನು ಕಂಡಿಲ್ಲ.

ಬಿಡಿಕಾಸು ಕೊಡಬೇಕಿಲ್ಲ. ಸುಮಾರು 4 ಕೋಟಿ ಪುಟಗಳು ಅಲ್ಲಿವೆ. 2018ರಲ್ಲಿ ತೆರೆದಾಗ ಹೆಚ್ಚಿನ ರಾಜ್ಯಗಳ ತೀರ್ಪುಗಳಿಗೆ ದಿನಕ್ಕೆ 500ರ ಮಿತಿ ಇತ್ತು. 2024ರಲ್ಲಿ ಅದೂ ಹೋಯಿತು. ಸಂಪುಟ, ಪುಟದ ಸಂಖ್ಯೆ ಗೊತ್ತಿದ್ದರೆ ಸಾಕು. ಪದ ಹಾಕಿ ಹುಡುಕುವವರು ಮಾತ್ರ ‘ಕೋರ್ಟ್‌ಲಿಸನರ್’ ಎಂಬ ಇನ್ನೊಂದು ಉಚಿತ ತೀರ್ಪು ತಾಣಕ್ಕೆ ಹೋಗಬೇಕು.

ಮ್ಯಾಸಚೂಸೆಟ್ಸ್ ರಾಜ್ಯದ ತೀರ್ಪು ವರದಿಯ 111ನೇ ಸಂಪುಟ, 454ನೇ ಪುಟ ತೆಗೆಯಿರಿ. 1872ರ ನವೆಂಬರ್‌ನಲ್ಲಿ ಬಾಸ್ಟನ್ ನಗರದ ನಡುಭಾಗ ಸುಟ್ಟುಹೋಯಿತು. ಮನೆ, ಮಳಿಗೆ ಕಳೆದುಕೊಂಡ ಜಾಗದ ಒಡೆಯರಿಗೆ ಸಾಲ ಕೊಡಲು ನಗರವು 2 ಕೋಟಿ ಡಾಲರ್‌ವರೆಗೆ ಬಾಂಡ್ ಹೊರಡಿಸಬಹುದು ಎಂದು ಶಾಸನಸಭೆ ಒಪ್ಪಿತು. ತೆರಿಗೆದಾರರು ದಾವೆ ಹೂಡಿ ಗೆದ್ದರು: ಖಾಸಗಿ ಕಟ್ಟಡ ಕಟ್ಟಿಸುವುದು ಸಾರ್ವಜನಿಕ ಉದ್ದೇಶವಲ್ಲ. ಇದಕ್ಕೆ ನನ್ನ ಆಕ್ಷೇಪಣೆಯೇನೂ ಇಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಕಾನ್ಸಾಸ್‌ನ 14ನೇ ಸಂಪುಟ, 418ನೇ ಪುಟ. ಹಣ ತೆತ್ತು ಬಳಸುತ್ತಿದ್ದ ಇನ್ನೊಂದು ಸೇವೆಯಲ್ಲಿ ಈ ಪ್ರಕರಣಕ್ಕೆ ‘ನೆರವು ಅಸಿಂಧು’ ಎಂಬ ಒಂದೇ ಸಾಲಿನ ಸಾರಾಂಶವಿತ್ತು. ಇಲ್ಲಿ ಪೂರ್ತಿ ತೀರ್ಪು ಓದಿದರೆ ಕಥೆಯೇ ಬೇರೆ. 1874ರಲ್ಲಿ ಮಿಡತೆ ಹಿಂಡು ಪೈರನ್ನೆಲ್ಲ ತಿಂದು ಹಾಕಿತ್ತು. ಆಹಾರಕ್ಕೆ, ಬಿತ್ತನೆ ಬೀಜಕ್ಕೆ ಎಂದು ಒಸಾಕಿ ಟೌನ್‌ಶಿಪ್ (ಅಲ್ಲಿನ ಊರಾಡಳಿತ) ಬಾಂಡ್ ಹೊರಡಿಸಿತ್ತು. ನ್ಯಾಯಮೂರ್ತಿ ಡೇವಿಡ್ ಬ್ರೂವರ್ ಬಡವರನ್ನು ಸಾಕುವುದು ಸರ್ಕಾರದ ಕರ್ತವ್ಯವೆಂದು ಮೊದಲು ಒಪ್ಪಿಕೊಳ್ಳುತ್ತಾರೆ. ಆಮೇಲೆ ಗೆರೆ ಎಳೆಯುತ್ತಾರೆ: ಬೀಜಕ್ಕೆ ಕಾಸಿಲ್ಲದ ರೈತ ಕಾನೂನಿನ ಲೆಕ್ಕದಲ್ಲಿ ‘ಬಡವ’ನಲ್ಲ, ಅವನಿಗೆ ಸಾಲ ಕೊಡಲು ತೆರಿಗೆ ಹಾಕುವಂತಿಲ್ಲ. ಎಂತಹ ನಯವಾದ ನಿರ್ದಯತೆ! ಪೂರ್ತಿ ದಿವಾಳಿಯಾಗಿ ಬಾ, ಆಗ ಗಂಜಿ ಹಾಕುತ್ತೇವೆ ಎಂದಂತಾಯಿತು.

ಕೂಡಲೇ ಉತ್ತರ ಡಕೋಟಾದ 1ನೇ ಸಂಪುಟದ 88ನೇ ಪುಟಕ್ಕೆ ಬನ್ನಿ. ರಾಜ್ಯವಾಗಿ ವರ್ಷವೂ ತುಂಬಿರಲಿಲ್ಲ. 1890ರಲ್ಲಿ ಅಲ್ಲಿನ ನ್ಯಾಯಾಲಯ, ಬೆಳೆ ಕಳೆದುಕೊಂಡ ರೈತರಿಗೆ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಬೀಜ ಕೊಡುವುದನ್ನು ಎತ್ತಿಹಿಡಿಯಿತು. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ಓದುವುದೇ ಒಂದು ಸೊಗಸು. ನನ್ನ ಅಂಕ ಉತ್ತರ ಡಕೋಟಾಕ್ಕೆ.

ಇಂಗ್ಲೆಂಡಿನ ತೀರ್ಪು ಬೇಕಾದವರಿಗೆ ಈ ಭಂಡಾರ ಉಪಯೋಗವಿಲ್ಲ, ಇದು ಅಮೆರಿಕದ್ದು ಮಾತ್ರ. ವೇಲ್ಸ್‌ನ ಮರ್ತಿರ್ ಟಿಡ್‌ಫಿಲ್ ಪ್ರಕರಣವನ್ನು ಬೇರೆಡೆ ಹುಡುಕಬೇಕು. 1898ರಲ್ಲಿ ಕೆಲಸ ನಿಲ್ಲಿಸಿದ್ದ ಗಣಿ ಕಾರ್ಮಿಕರಿಗೆ ಕೊಟ್ಟ ನೆರವನ್ನು ಅಲ್ಲಿ ಪ್ರಶ್ನಿಸಿದ ತೆರಿಗೆದಾರ ಯಾರೆಂದುಕೊಂಡಿರಿ? ಕಲ್ಲಿದ್ದಲು ಕಂಪನಿ. ದುಡಿಯಬಲ್ಲ ಗಂಡಸಿಗೆ ಕೊಡಕೂಡದು, ಹೆಂಡತಿ ಮಕ್ಕಳಿಗೆ ಕೊಡಬಹುದು ಎಂದು 1900ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಒಂದೇ ಒಲೆಯ ಅನ್ನವನ್ನು ಗಂಡನಿಗೆ ಬಡಿಸಿಲ್ಲವೆಂದು ಯಾವ ಲೆಕ್ಕಪರಿಶೋಧಕ ದೃಢೀಕರಿಸಬೇಕೋ!