ಕಿಟೆಲ್ ನಿಘಂಟು: ತೆರೆಯುವ ಕ್ರಮ ಗೊತ್ತಿದ್ದರೆ ಬೇರು ಸಿಗುತ್ತದೆ

ಪದದ ಅರ್ಥದ ಜೊತೆಗೆ ಅದರ ಬೇರೂ ಬೇಕು ಎನ್ನುವವರು ಮೊದಲು ತೆರೆಯಬೇಕಾದದ್ದು ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ್ದು, ಸುಮಾರು 70,000 ಪದ. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುವವರೂ ಪದ ಸಿಗಲಿಲ್ಲವೆಂದು ಇದನ್ನು ಮುಚ್ಚಿಡುವುದುಂಟು. ಪದ ಒಳಗೇ ಇರುತ್ತದೆ, ಕಾಗುಣಿತ ಬೇರೆ ಅಷ್ಟೆ.

‘ನಿಘಂಟು’ ಪದವನ್ನೇ ಹುಡುಕಿ ನೋಡಿ. ಕಿಟೆಲ್ ವರ್ಗಾಕ್ಷರಕ್ಕೆ ಮೊದಲು ಸೊನ್ನೆ (ಅನುಸ್ವಾರ) ಇಡುವುದಿಲ್ಲ, ಆಯಾ ವರ್ಗದ ಅನುನಾಸಿಕವನ್ನೇ ಬರೆಯುತ್ತಾರೆ. ಹಾಗಾಗಿ ಅಲ್ಲಿ ಅದು ‘ನಿಘಣ್ಟು’, ಅಂಗಡಿ ‘ಅಙ್ಗಡಿ’. ಹಕಾರದ ಅಚ್ಚಗನ್ನಡ ಪದವಾದರೆ ಪಕಾರದಲ್ಲೂ ನೋಡಬೇಕು: ಈಗಿನ ಹಾಲು, ಹಳಗನ್ನಡದ ಪಾಲ್. ಹಳಗನ್ನಡದ ಅಕ್ಷರಗಳಾದ ಱ, ೞ ಎರಡನ್ನೂ ಉಳಿಸಿಕೊಂಡಿದ್ದಾರೆ. ‘ಬಾಳು’ವಿನ ಬೇರಿಗೆ ‘ಬಾೞ್’ ತನಕ ಹೋಗಿ. ತಮಿಳು, ಮಲಯಾಳ, ತೆಲುಗು, ತುಳು ರೂಪಗಳನ್ನು ಜೊತೆಗೆ ಕೊಟ್ಟಿದ್ದರೆ ಪದ ನಮ್ಮ ದ್ರಾವಿಡ ನುಡಿಬಳಗದ್ದು. ತದ್ಭವಕ್ಕೆ ಬೇರೆ ಗುರುತಿದೆ, ಮೈಸೂರು ಸೀಮೆಯ ಬಳಕೆಗೂ ಒಂದು ಸಂಕ್ಷೇಪವಿದೆ. ಮೊದಲ ಪುಟಗಳ ಸಂಕ್ಷೇಪ ಪಟ್ಟಿಯನ್ನು ನಕಲು ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ.

‘ನಿಘಂಟು’ವಿನ ಮೂಲಕ್ಕೆ ಮಾತ್ರ ಪ್ರಾಚೀನ ವಿದ್ವಾಂಸ ಯಾಸ್ಕನ ನಿರುಕ್ತಕ್ಕೇ ಹೋಗಬೇಕು. ವೇದದ ಪದಗಳನ್ನು ಆಯ್ದು ಜೋಡಿಸಿದ ಐದು ಅಧ್ಯಾಯಗಳ ಪಟ್ಟಿಗೆ ಮೊದಲು ಆ ಹೆಸರಿತ್ತು. ನಿರುಕ್ತ ಅದರ ವಿವರಣೆ. ನಿಗಮದಿಂದ, ಅಂದರೆ ವೇದದಿಂದ, ಬಂದದ್ದು ‘ನಿಗಂತು’, ಅದೇ ‘ನಿಘಂಟು’ ಆಯಿತು ಎಂಬ, ಔಪಮನ್ಯವನೆಂಬ ವಿದ್ವಾಂಸನ ಮತವೂ ಅಲ್ಲೇ ಇದೆ. ‘ಕೋಶ’ ಅಂದರೆ ಬೊಕ್ಕಸ, ಕತ್ತಿಯ ಒರೆಯೂ ಹೌದು. ಆದ್ದರಿಂದ ಪುಸ್ತಕಕ್ಕೆ ಶಬ್ದಕೋಶ ಸರಿ. ಒಬ್ಬರ ನಾಲಿಗೆಯ ಮೇಲಿರುವ ಮಾತುಗಳಿಗೆ ‘ಪದಸಂಪತ್ತು’ ಎಂಬುದೇ ಒಪ್ಪುತ್ತದೆ. ‘ಪದ’ಕ್ಕೆ ಸಂಸ್ಕೃತದಲ್ಲಿ ಹೆಜ್ಜೆ ಎಂಬ ಅರ್ಥವೂ ಇದೆ. ಮಂಡ್ಯದ ಹಳ್ಳಿಯಲ್ಲಿ “ಒಂದ್ ಪದ ಹೇಳವ್ವ” ಅಂದರೆ ಸೋಬಾನೆ ಹಾಡು ಶುರುವಾಗುತ್ತದೆ! ಈ ಬಳಕೆಯನ್ನು ಬಿಟ್ಟು ‘ಪದ’ದ ಅರ್ಥ ಬರೆದರೆ ಅದು ಅರ್ಧ ಅರ್ಥ.

ಒಂದೇ ಸಂಪುಟದ ಮರುಮುದ್ರಣ 1,700 ಪುಟ ದಾಟುತ್ತದೆ. ಮೇಜಿನ ಮೇಲೆ ಎರಡೂ ಕಡೆ ಆಸರೆ ಕೊಟ್ಟು ತೆರೆಯಿರಿ, ಇಲ್ಲದಿದ್ದರೆ ಹೊಲಿಗೆ ಬಿಡುತ್ತದೆ. ಅರ್ಥವೆಲ್ಲ ಇಂಗ್ಲಿಷಿನಲ್ಲಿ, ಅದೂ ಹತ್ತೊಂಬತ್ತನೇ ಶತಮಾನದ ಇಂಗ್ಲಿಷು. ಕನ್ನಡದಲ್ಲೇ ಅರ್ಥ, ಜೊತೆಗೆ ಶಾಸನ, ಕಾವ್ಯಗಳ ಪ್ರಯೋಗ ಬೇಕಾದವರು ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿಗೆ ಹೋಗಬೇಕು.